ಪಾಠದಲ್ಲಿಲ್ಲದ ಗಡ್ಡೆ

ಮೆಡಿಕಲ್ ಕಾಲೇಜಿನಲ್ಲಿ ನಾನು ಬಾಡಿಗೆ ರೋಗಿ. ಪರೀಕ್ಷೆಯ ದಿನ ಮಂಚದ ಮೇಲೆ ಮಲಗುತ್ತೇನೆ. ವಿದ್ಯಾರ್ಥಿಗಳು ಹೊಟ್ಟೆಯ ಬಲಗಡೆ ಒತ್ತಿದರೆ "ಅಯ್ಯಮ್ಮಾ" ಎಂದು ಕಿರುಚಬೇಕು, ಎಡಗಡೆ ಒತ್ತಿದರೆ ತೆಪ್ಪಗಿರಬೇಕು. ಅವರು ಅಪೆಂಡಿಕ್ಸ್ ಎನ್ನಬೇಕು. ಅಷ್ಟೇ ಪಾಠ.

ಅಂದು ನಲವತ್ತು ಜನ ಒತ್ತಿದರು. ಮೂವತ್ತೊಂಬತ್ತು ಜನ ಬಾಯಿಪಾಠ ಒಪ್ಪಿಸಿ ಹೋದರು. ಕೊನೆಯ ಹುಡುಗಿಯ ಬೆರಳು ಮಾತ್ರ ಎಡಗಡೆ ನಿಂತುಬಿಟ್ಟಿತು.

"ಸರ್, ಇಲ್ಲೇನೋ ಗಟ್ಟಿಯಾಗಿ ಸಿಗ್ತಿದೆ."

"ಇಲ್ಲದ ಗಡ್ಡೆ ಹುಟ್ಟಿಸ್ತೀಯೇನಮ್ಮಾ?" ಎಂದು ಪರೀಕ್ಷಕರು ಗದರಿದರು. ನಾನೂ ಕಿಸಕ್ಕನೆ ನಕ್ಕೆ. ರೋಗಿ ಕೊಡುವ ಅಂಕ ಐದು; ಊಟದ ಹೊತ್ತು ಮೀರಿಸಿದಳೆಂಬ ಸಿಟ್ಟಿಗೆ ಸೊನ್ನೆ ಹಾಕಿದೆ. ಹುಡುಗಿ ಫೇಲಾದಳು.

ಎಂಟು ತಿಂಗಳ ಮೇಲೆ ಅದೇ ಕಾಲೇಜಿನ ಆಸ್ಪತ್ರೆಯ ಸರ್ಜನ್ ಮೇಡಂ ನನ್ನ ಹೊಟ್ಟೆ ಮುಟ್ಟಿ ಸಿಡುಕಿದರು: "ಇಷ್ಟು ದೊಡ್ಡದಾಗೋವರೆಗೂ ಯಾರಿಗೂ ತೋರಿಸ್ಲಿಲ್ವಾ?"

ನಲವತ್ತು ಜನಕ್ಕೆ ತೋರಿಸಿದ್ದೆ.

ಸುದ್ದಿ ತಿಳಿದು ಪರೀಕ್ಷಕರು ವಾರ್ಡಿಗೆ ಓಡಿಬಂದರು. ಕ್ಷಮೆ ಕೇಳುತ್ತಾರೇನೋ ಅಂದುಕೊಂಡೆ. ಅವರು ಎಡಗಡೆ ಒತ್ತಿ ನೋಡಿದರು. ಮುಖ ಅರಳಿತು.

"ಆಪರೇಷನ್ ಗುರುವಾರಕ್ಕೆ ಹಾಕಿಸ್ಕೊಳ್ಳಿ. ಬುಧವಾರ ಪರೀಕ್ಷೆ ಇದೆ."