ಖಂಡೇನವಮಿಗೆ ನಿಂತ ಅಯಸ್ಕಾಂತ

ನಾನು ಒಂದು ಪುಟ್ಟ ಅಯಸ್ಕಾಂತ. ಮಾತ್ರೆಯಷ್ಟು ಉದ್ದ, ಮೈಮೇಲೆ ಬಿಳಿ ಪ್ಲಾಸ್ಟಿಕ್ ಕವಚ. ಲೋಹದ ಪುಡಿಯನ್ನು ಒತ್ತಿ, ಕಾಯಿಸಿ ನನ್ನನ್ನು ಮಾಡಿದರು. ನನಗಿರುವುದು ಒಂದೇ ಕೆಲಸ: ಗಾಜಿನ ಸೀಸೆಯ ತಳದಲ್ಲಿದ್ದು, ಕೆಳಗಿನ ಯಂತ್ರ ಚಾಲೂ ಆದಾಗ ಗಿರಗಿರ ತಿರುಗಿ ದ್ರಾವಣ ಕಲಕುವುದು.

ಮೊದಲು ಬಣ್ಣಗಳ ಸಂಶೋಧಕನೊಬ್ಬನ ಬಳಿ ಇದ್ದೆ. ಅವನು ಪದವಿ ಪಡೆದು ಹೋದ. ನನ್ನ ಮೈಮೇಲಿನ ಗುಲಾಬಿ ಕಲೆ ಉಳಿಯಿತು. ಅವನ ಮೇಜಿನೊಂದಿಗೆ ನಾನೂ ಹೊಸ ಸಂಶೋಧನಾ ವಿದ್ಯಾರ್ಥಿನಿ ದಾಕ್ಷಾಯಣಿಯ ಪಾಲಾದೆ.

ಅವಳ ಕೆಲಸ ಪಾಲಿಮರುಗಳ ಮೇಲೆ. ಅವು ಉದ್ದನೆಯ ಸರಪಳಿಯಂಥ ಅಣುಗಳು. ಅವಳ ಸರಪಳಿಗಳ ಒಂದು ತುದಿಗೆ ನೀರೆಂದರೆ ಇಷ್ಟ, ಇನ್ನೊಂದಕ್ಕೆ ಆಗದು. ದ್ರಾವಕದಲ್ಲಿ ಕರಗಿಸಿ ನೀರು ಬಿಟ್ಟರೆ, ನೀರಿಗೆ ಹೆದರುವ ತುದಿಗಳು ಒಳಗೆ ಸೇರಿಕೊಂಡು ಕಣ್ಣಿಗೆ ಕಾಣದ ಉಂಡೆಗಳಾಗುತ್ತವೆ. ಎರಡು ಜಾತಿಯ ಸರಪಳಿಗಳು ಒಂದೇ ಉಂಡೆಯಲ್ಲಿ ತಾವಾಗಿಯೇ ಸೇರಬೇಕು ಎಂಬುದು ಅವಳ ಹಟ. ಆದರೆ ಪ್ರತಿ ಸಲವೂ ಒಡೆದ ಹಾಲಿನಂತೆ ಬಿಳಿ ಗಸಿ ನನ್ನ ತಲೆಯ ಮೇಲೆ ಕೂರುತ್ತಿತ್ತು. ಅವಳು ವೇಗ ಹೆಚ್ಚಿಸುತ್ತಿದ್ದಳು. ನಾನೂ ಜೋರಾಗಿ ತಿರುಗುತ್ತಿದ್ದೆ.

ಮಾರ್ಗದರ್ಶಕರಾದ ಹೊಸಮನಿ ಸರ್‌ಗೆ ಬೇಸರ ಬಂದಿತ್ತು. "ದೀಪಾವಳಿ ಒಳಗ ಆಗಲಿಲ್ಲಂದ್ರ ಈ ವಿಷಯ ಬಿಡವಾ. ಬ್ಯಾರೇದು ಕೊಡ್ತೀನಿ," ಎಂದರು. ಅಂದರೆ ಎರಡು ವರ್ಷದ ದುಡಿಮೆ ಮೋರಿಗೆ.

ಖಂಡೇನವಮಿ, ಅಂದರೆ ಆಯುಧಪೂಜೆಯ ದಿನವೂ ಅವಳು ಹನಿಹನಿಯಾಗಿ ನೀರು ಬಿಡುತ್ತಿದ್ದಳು. ಅರ್ಧ ಮುಗಿದಿತ್ತು. ಅಟೆಂಡರ್ ಫಕೀರಪ್ಪ ಬಂದವನೇ ಯಂತ್ರ ಆರಿಸಿ, ವಿಭೂತಿ ಬಳಿದು, ಚೆಂಡುಹೂವು ಇಟ್ಟು ಕರ್ಪೂರ ಬೆಳಗಿದ. ಮುಗಿದ ಕೂಡಲೇ ಅವಳು ಸ್ವಿಚ್ಚಿಗೆ ಕೈ ಹಾಕಿದಳು.

"ಪೂಜಾ ಆದ ಮ್ಯಾಲ ನಾಳೀತನಕ ಮುಟ್ಟಂಗಿಲ್ಲ, ತಂಗಿ."

"ಕಾಕಾ, ಅರ್ಧಾ ನೀರು ಹಾಕೀನಿ. ಕೆಡ್ತದ."

"ದಿನಾ ನೀ ಕೆಡಸ್ತಿ. ಇವತ್ತೊಂದಿನ ತಾನ ಕೆಡ್ಲಿ."

ಅವಳು ಮುಚ್ಚಳ ಬಿಗಿದು, ಅವನು ಕೊಟ್ಟ ಪ್ರಸಾದದ ಚುರುಮುರಿ ಪೊಟ್ಟಣವನ್ನೂ ಅಲ್ಲೇ ಬಿಟ್ಟು ಹೋದಳು.

ನಾನು ಸುಮ್ಮನೆ ಬಿದ್ದಿದ್ದೆ. ಸರಪಳಿಗಳಿಗೆ ಹೆದರಲು ಬೇಕಾದಷ್ಟು ನೀರಿತ್ತು, ಅಲುಗಾಡಲು ಬೇಕಾದಷ್ಟು ದ್ರಾವಕವೂ ಇತ್ತು. ಅವು ಒಂದು ಗುಂಪು ಬಿಟ್ಟು ಇನ್ನೊಂದಕ್ಕೆ ಹೋದವು, ಮತ್ತೆ ಬಂದವು, ಕೊನೆಗೆ ನೆಲೆ ನಿಂತವು. ಇಷ್ಟು ದಿನ ಆ ಪುರುಸೊತ್ತನ್ನು ಕೊಡದೆ ಇದ್ದವನು ನಾನೇ. ಒಪ್ಪಿಕೊಳ್ಳುವುದು ಕಷ್ಟವಾಯಿತು.

ಮರುದಿನ ಚೆಲ್ಲಲೆಂದೇ ಸೀಸೆ ಎತ್ತಿದಳು. ಕಿಟಕಿಯ ಬೆಳಕಿಗೆ ಹಿಡಿದವಳು ಹಾಗೇ ನಿಂತಳು. ಗಸಿ ಇರಲಿಲ್ಲ. ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರಿನಂತೆ ತೆಳುವಾದ ಬಣ್ಣ; ಉಂಡೆಗಳು ಗಸಿಯಾಗದೆ ಸಣ್ಣಗೆ ತೇಲುತ್ತಿವೆ ಎಂಬುದರ ಗುರುತು. ಉಳಿದ ನೀರನ್ನೂ ನಿಧಾನವಾಗಿ ಬಿಟ್ಟಳು, ಆಗಲೂ ಒಡೆಯಲಿಲ್ಲ.

ಫಕೀರಪ್ಪ ಇದು ದೇವಿಯ ಕೃಪೆ ಎಂದು ಇಡೀ ವಿಭಾಗಕ್ಕೆ ಸಾರಿದ. ಸರ್ ಮಾತ್ರ ಒಪ್ಪಲಿಲ್ಲ. "ಪೂಜಿ ಇಲ್ಲದ ಇನ್ನೊಮ್ಮೆ ಮಾಡಿ ತೋರ್ಸು," ಎಂದರು. ಅವಳು ಅರ್ಧ ನೀರಿಗೆ ಯಂತ್ರ ನಿಲ್ಲಿಸಿ, ಹೂವಿಲ್ಲದೆ, ಕರ್ಪೂರವಿಲ್ಲದೆ ಒಂದು ದಿನ ಕಾದಳು. ಅದೇ ನೀಲಿ ಬಂತು. ದೊಡ್ಡ ಸೂಕ್ಷ್ಮದರ್ಶಕದಲ್ಲಿ ಎರಡೂ ಜಾತಿಗಳು ಒಂದೇ ಉಂಡೆಯೊಳಗೆ ಕಂಡವು. ಬೇರೆ ವಿಷಯದ ಮಾತನ್ನು ಸರ್ ಮತ್ತೆ ಎತ್ತಲಿಲ್ಲ.

ಈಗ ನನ್ನ ಕವಚ ಬಿರುಕು ಬಿಟ್ಟಿದೆ. ಪ್ರಯೋಗಕ್ಕೆ ಬಾರದವನೆಂದು ಕಬ್ಬಿಣದ ಕಪಾಟಿಗೆ ಅಂಟಿಸಿದ್ದಾರೆ. ಬಸ್ಸಿನ ವೇಳಾಪಟ್ಟಿ ಹಿಡಿದುಕೊಂಡಿದ್ದೇನೆ. ಇಲ್ಲಿಂದ ದಾಕ್ಷಾಯಣಿಯ ಮೇಜು ಚೆನ್ನಾಗಿ ಕಾಣುತ್ತದೆ. ಅರ್ಧ ನೀರು ಬಿಟ್ಟು ಯಂತ್ರ ಆರಿಸಿ ಕೈಕಟ್ಟಿ ಕೂರುತ್ತಾಳೆ. ಕೂರುವುದು ಅವಳಿಗೆ ಇನ್ನೂ ಸುಲಭವಾಗಿಲ್ಲ; ಕೈ ಸ್ವಿಚ್ಚಿನತ್ತ ಹೋಗಿ ಹಿಂದೆ ಬರುತ್ತದೆ. ಸೀಸೆಯ ತಳದಲ್ಲಿ ಹೊಸ ಅಯಸ್ಕಾಂತವೊಂದು ಕೆಲಸವಿಲ್ಲದೆ ಬಿದ್ದಿರುತ್ತದೆ. ಅದಕ್ಕೆ ಅವಮಾನವಾಗುತ್ತಿರಬಹುದು. ಅಭ್ಯಾಸವಾಗುತ್ತದೆ.