ತೇಲುತ್ತಿದ್ದ ಹಂದರ

ವಿದ್ಯಾರ್ಥಿಗಳ ಬಾಯಲ್ಲಿ ಅವಳು 'ಹಂಗಾಮಿ ಮೇಡಂ'. ಅಂಗಾಂಶ ಬೆಳೆಸುವ ಆ ವಿಭಾಗದಲ್ಲಿ ವರ್ಷವರ್ಷವೂ ಗುತ್ತಿಗೆಗೆ ಸಹಿ ಹಾಕುತ್ತಲೇ ಅವಳ ಕೂದಲು ನರೆತಿತ್ತು. ಕೊನೆಗೂ ಒಂದು ಕಾಯಂ ಹುದ್ದೆ ಬಂತು. ಅದರ ಹಿಂದೆಯೇ ಅರಗಿಣಿಯ ಅರ್ಜಿಯೂ ಬಂತು.

ಅರಗಿಣಿ ಎಂದು ಹೆಸರಿಟ್ಟವಳು ಇವಳೇ. ಆ ಹೆಸರು ಪಡೆದವಳು ನಿನ್ನೆಮೊನ್ನೆ ಗುತ್ತಿಗೆಗೆ ಸೇರಿದ ಹುಡುಗಿ. ಅವಳು ಬಾಯಿ ತೆರೆಯುವ ಮೊದಲೇ ಮುಖ್ಯಸ್ಥರು ನಗುತ್ತಿದ್ದರು. ಅವಳಿಗೆ ಕಿಟಕಿ ಪಕ್ಕದ ಮೇಜು, ಹೊಸ ಮೈಕ್ರೋಸ್ಕೋಪು. ಇವಳಿಗೆ ಫ್ರಿಜ್ಜಿನ ಹಿಂದಿನ ಮೂಲೆ. ಇವಳ ಹೊಟ್ಟೆಯೊಳಗೆ ಸದಾ ಕೆಂಡ.

ಸಂದರ್ಶನದ ಹಿಂದಿನ ವಾರ ಅರಗಿಣಿ ಬಂದಳು. "ಅಕ್ಕಾ, ನನ್ನ ಮಕ್ಕಳಿಗೂ ಸ್ವಲ್ಪ ಊಟ ಹಾಕ್ತೀರಾ? ಸಂದರ್ಶನದ ಸ್ಲೈಡ್ ಮುಗೀತಾನೇ ಇಲ್ಲ."

ಮಕ್ಕಳೆಂದರೆ ಜೀವಕೋಶಗಳು, ಊಟವೆಂದರೆ ಅವು ಮುಳುಗಿರಬೇಕಾದ ಕೆಂಪು ದ್ರವ.

"ಹಾಕ್ತೀನಿ ಬಿಡಮ್ಮ. ನೀನು ಹೆರು, ನಾನು ಸಾಕ್ತೀನಿ."

ಇನ್‌ಕ್ಯುಬೇಟರ್ ತೆರೆದಳು. ಸವೆದ ಮೊಣಕಾಲಿಗೆಂದು ಮಾಡಿದ ಸ್ಪಂಜಿನಂಥ ಹಂದರ ದ್ರವದ ಮೇಲೆ ಬೆಂಡಿನಂತೆ ತೇಲುತ್ತಿತ್ತು! ಮೊದಲು ಆಲ್ಕೋಹಾಲಿನಲ್ಲಿ ಅದ್ದಿ, ತೊಳೆದು, ಆಮೇಲೆ ಕೋಶ ಬಿತ್ತಬೇಕು. ಇಲ್ಲದಿದ್ದರೆ ರಂಧ್ರಗಳಲ್ಲಿ ಗಾಳಿ ಉಳಿದು ಕೋಶಗಳು ಸಿಪ್ಪೆಯ ಮೇಲಷ್ಟೇ ಬೆಳೆಯುತ್ತವೆ. ಹುಡುಗಿ ಅದ್ದುವುದನ್ನೇ ಮರೆತಿದ್ದಳು. ಹೊಸದನ್ನು ಬಿತ್ತಲು ಇನ್ನೂ ಸಮಯವಿತ್ತು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಹೇಗಿದಾವಕ್ಕಾ?"

"ಗುಂಡುಕಲ್ಲಿನ ಹಾಗಿದಾವೆ."

ಅಭ್ಯರ್ಥಿಗಳು ಸಮಿತಿಯ ಮುಂದೆ ಒಬ್ಬರನ್ನೊಬ್ಬರು ಪ್ರಶ್ನಿಸಬೇಕು ಎಂಬುದು ಅಲ್ಲಿನ ಪದ್ಧತಿ. ಕಾದಾಡುವುದು ಇವರು, ಕುಳಿತು ನೋಡುವುದು ಅವರು. ಸಂದರ್ಶನದ ದಿನ ಅರಗಿಣಿ ತೋರಿಸಿದ, ಹಂದರದ ಮೈತುಂಬ ಕೋಶಗಳಿದ್ದ ಚಿತ್ರಕ್ಕೆ ಎಲ್ಲರೂ ತಲೆದೂಗಿದರು. ಹಂಗಾಮಿ ಮೇಡಂ ಎದ್ದುನಿಂತಳು.

"ಅಡ್ಡ ಕೊಯ್ದು ನೋಡಿದೀಯಾ?"

"ಇಲ್ಲ... ಮೇಲ್ಭಾಗ ಮಾತ್ರ..."

"ಒಳಗೆ ಬರೀ ಗಾಳಿ! ಅದು ತೇಲ್ತಿತ್ತು, ನಾನೇ ಕಣ್ಣಾರೆ ಕಂಡಿದೀನಿ!"

ಎಷ್ಟೋ ವರ್ಷಗಳ ಉರಿ ಆ ಒಂದು ಗಳಿಗೆ ತಣ್ಣಗಾಯಿತು. ಹೊರಗಿನಿಂದ ಬಂದಿದ್ದ ಸದಸ್ಯರೊಬ್ಬರು ಕನ್ನಡಕ ತೆಗೆದರು. "ಯಾವಾಗ ಕಂಡ್ರಿ?"

ಉತ್ತರಿಸಿದವಳು ಅರಗಿಣಿ. "ಹೋದ ವಾರ, ಸರ್. ಚೆನ್ನಾಗಿದಾವೆ ಅಂದಿದ್ರು."

ಒಬ್ಬಳಿಗೆ ಕೆಲಸ ಗೊತ್ತಿಲ್ಲ, ಇನ್ನೊಬ್ಬಳನ್ನು ನಂಬುವಂತಿಲ್ಲ. ಹುದ್ದೆಗೆ ಅರ್ಹರಿಲ್ಲವೆಂದು ಸಂಜೆಯೊಳಗೆ ತೀರ್ಮಾನವಾಯಿತು. ಮುಖ್ಯಸ್ಥರ ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. ಅಗ್ಗದ ಕೂಲಿಯ ಇಬ್ಬರನ್ನು ಹಾಗೇ ಇಟ್ಟುಕೊಳ್ಳಲು ಅವರು ಬೆರಳನ್ನೂ ಅಲ್ಲಾಡಿಸಬೇಕಾಗಿರಲಿಲ್ಲ. ಆ ಕೆಲಸವನ್ನು ಈ ಹೆಂಗಸರೇ ಒಬ್ಬರ ಕತ್ತು ಒಬ್ಬರು ಹಿಡಿದು ಮಾಡಿಕೊಟ್ಟಿದ್ದರು.

"ಮತ್ತೆ ಗುತ್ತಿಗೆ. ಇಬ್ಬರೂ ಸಹಿ ಹಾಕಿ" ಎಂದು ಅವರು ಎರಡು ಹಾಳೆ ಚಾಚಿದರು.

ಅರಗಿಣಿ ಕಣ್ಣೊರೆಸಿಕೊಂಡು ಸಹಿ ಹಾಕತೊಡಗಿದಳು. ಹಂಗಾಮಿ ಮೇಡಂ ತನ್ನ ಹಾಳೆಯನ್ನು ಓದಲೇ ಇಲ್ಲ. ಕತ್ತು ಉದ್ದ ಮಾಡಿ, ಆ ಹುಡುಗಿಗೆ ಒಂದಕ್ಕಿಂತ ಹೆಚ್ಚು ವರ್ಷ ಕೊಟ್ಟಿದ್ದಾರೇನೋ ಎಂದು ಓರೆಗಣ್ಣಿನಲ್ಲಿ ಹುಡುಕುತ್ತಿದ್ದಳು.