ಏಳೂರಿನ ಮೊದಲ ವೀಳ್ಯ

ಪೇಟದ ಒಂದು ತುದಿ ಮನೋಹರನ ಕೈಯಲ್ಲಿ, ಇನ್ನೊಂದು ಪುನೀತನ ಕೈಯಲ್ಲಿ. ನಡುವೆ ಚಟ್ಟದ ಮೇಲೆ ಅವರ ದೊಡ್ಡಪ್ಪ ಬೈರಪ್ಪ ಬೆಳಗಿನಿಂದ ಮಲಗಿದ್ದ. ಜಗ್ಗಾಟದ ಭರಕ್ಕೆ ಹೆಣದ ಮೇಲಿನ ಹೂವೆಲ್ಲ ಚೆಲ್ಲಿಹೋಯಿತು.

"ನಮ್ಮಪ್ಪ ದೊಡ್ಡಪ್ಪನ ಬೆನ್ನಿಗೆ ಹುಟ್ಟಿದೋನು. ಗೌಡಿಕೆ ನಂದು ಕಣ್ಲಾ," ಎಂದ ಮನೋಹರ.

"ಹುಟ್ಟುದ್ರೆ ಆಯ್ತಾ? ಆಸ್ಪತ್ರೆಗೆ ಎತ್ಕೊಂಡು ತಿರುಗ್ದೋನು ನಾನು," ಎಂದ ಪುನೀತ.

ಗೌಡ ಸತ್ತರೆ ಹೊಸ ಗೌಡನ ತಲೆಗೆ ಪೇಟ ಕಟ್ಟುವ ತನಕ ಹೆಣ ಎತ್ತುವಂತಿಲ್ಲ. ಕೈಲಾಂಚದ ಕಡೆಯ ಆ ಏಳೂರಿನ ಕಟ್ಟಳೆ ಅದು. ಯಾವನೋ ಪಾಳೇಗಾರ ಈ ವಂಶದ ಹಿರಿಯನಿಗೆ ಗೌಡಿಕೆ ಕೊಟ್ಟನಂತೆ. ಅವನು ಕೊಟ್ಟ ಹೊಲ ತಲೆಮಾರುಗಳಲ್ಲಿ ಹಂಚಿ ಚೂರಾಯಿತು, ಕಂದಾಯ ಎತ್ತುವ ಹಕ್ಕು ಸರ್ಕಾರಕ್ಕೆ ಹೋಯಿತು. ಉಳಿದದ್ದು ಈ ಪೇಟ, ಮತ್ತೆ ಏಳೂರಿನ ಮದುವೆಗಳಲ್ಲಿ ಗೌಡನಿಗೆ ಸಲ್ಲುವ ಮೊದಲ ವೀಳ್ಯ. ಎರಡು ಎಲೆ, ಒಂದು ಅಡಿಕೆ. ಅದಕ್ಕೆ ಈ ಕಿತ್ತಾಟ ನೋಡಿ.

ಬೈರಪ್ಪನ ಹೆಂಡತಿ ಕೆಂಚಮ್ಮ ಊರ ಹಿರಿಯ ಗಂಗಯ್ಯನ ಮುಂದೆ ಕೈಮುಗಿದಳು. "ಗಂಗಣ್ಣ, ಹೊತ್ತು ಇಳೀತಾ ಐತೆ. ಮುಳುಗುದ್ಮೇಲೆ ಮಣ್ಣು ಮಾಡಂಗಿಲ್ಲ. ಬಿಸಿಲಿಗೆ ಹೆಣ ಬೇರೆ ಊದ್ತಾ ಐತೆ. ಒಸಿ ಹೇಳಣ್ಣ ಇವ್ರಿಗೆ."

"ನಾನೇನ್ ಮಾಡ್ಲವ್ವ? ನಿಂಗೊಂದು ಗಂಡುಮಗ ಇದ್ದಿದ್ರೆ ಈ ತಕರಾರೇ ಇರ್ತಿರ್ಲಿಲ್ಲ."

ಕೆಂಚಮ್ಮ ಮುಗಿದ ಕೈ ಇಳಿಸಿದಳು. ಇದ್ದನಲ್ಲ, ಗಂಡುಮಗ.

* * *

ಆಗಷ್ಟೇ ನಡೆಯಲು ಕಲಿತ ಕೂಸು. ಜ್ವರಕ್ಕೆ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಬೈರಪ್ಪ ಪೇಟ ಸುತ್ತಿಕೊಳ್ಳುತ್ತಿದ್ದ.

"ರಾಮನಗರದ ಆಸ್ಪತ್ರೆಗೆ ಹೋಗಾನ ಬನ್ನಿ. ನಿಮ್ ಕಾಲ್ ಹಿಡ್ಕತೀನಿ."

"ನಾನು ಹೋಗ್ದೆ ಮೊದಲ್ ವೀಳ್ಯ ಆಗಕಿಲ್ಲ, ವೀಳ್ಯ ಆಗ್ದೆ ಧಾರೆ ಆಗಕಿಲ್ಲ ಕಣೆ. ಒಂದು ಹೆಣ್ಣಿನ ಮದ್ವೆ ನಿಲ್ಲುಸ್ಲಾ? ಮದ್ಯಾನಕ್ಕೆ ಬಂದ್ಬುಡ್ತೀನಿ."

ಕೆಟ್ಟವನಲ್ಲ ಅವನು. ಹೇಳಿದ ಹೊತ್ತಿಗೇ ಬಂದ. ಅಷ್ಟರಲ್ಲಿ ಕೂಸು ಅವಳ ಮಡಿಲಲ್ಲೇ ತಣ್ಣಗಾಗಿತ್ತು.

ಆಮೇಲೆ ಹುಟ್ಟಿದ್ದು ಮಮತಾ ಒಬ್ಬಳೇ. ಬೈರಪ್ಪ ಮತ್ತೆಂದೂ ಎಲೆಅಡಿಕೆ ಬಾಯಿಗಿಡಲಿಲ್ಲ. ಮದುವೆಗೆ ಹೋಗುವುದನ್ನು ಬಿಡಲೂ ಇಲ್ಲ. ತಂದ ವೀಳ್ಯವನ್ನು ಹಸುವಿನ ಬಾಯಿಗೆ ಕೊಡುತ್ತಿದ್ದ. ಸಾಯುವ ಮುನ್ನ ಅವನು ಕೇಳಿದ್ದು ಒಂದೇ. "ಕೆಂಚಿ, ತಡ ಮಾಡ್ಬೇಡ. ಹೊಲದಲ್ಲಿ ಮಗೀನ್ ಪಕ್ಕ ಮಲಗಿಸ್ಬುಡು ನನ್ನ."

* * *

ಹೊತ್ತು ಬೆಟ್ಟದ ನೆತ್ತಿಗೆ ತಾಗಿತು.

"ನಾಳೆ ಏಳೂರ ಯಜಮಾನ್ರನ್ನ ಕರ್ಸಿ ತೀರ್ಮಾನ ಮಾಡಾನ," ಎಂದ ಗಂಗಯ್ಯ. "ಚನ್ನಪಟ್ಟಣದಿಂದ ಐಸ್ ಬಾಕ್ಸ್ ತರ್ಸ್ರಪ್ಪ."

ಕೆಂಚಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಟ್ಟದ ತಲೆಯ ಕಡೆಯ ಬಿದಿರು ಹಿಡಿದಳು.

"ಮಮತಾ, ಆ ಕಡೆ ಹಿಡಿ."

"ಅವ್ವ..."

"ಹಿಡಿ ಮಗ."

"ಹೆಂಗುಸ್ರು ಚಟ್ಟ ಎತ್ತಂಗಿಲ್ಲ ಕಣವ್ವ," ಎಂದ ಗಂಗಯ್ಯ.

"ಗಂಡುಸ್ರು ಎತ್ತುತಾ ಇಲ್ವಲ್ಲಣ್ಣ." ಅವಳು ಅಂಗಳದ ತುಂಬ ನಿಂತವರನ್ನು ನೋಡಿದಳು. "ಹಿಂದಕ್ಕೊಬ್ರು ಬನ್ರಪ್ಪ. ನಿಮ್ ದಮ್ಮಯ್ಯ."

ಯಾರೂ ಕದಲಲಿಲ್ಲ. ಕೈಬಿಟ್ಟರೆ ಪೇಟ ಇನ್ನೊಬ್ಬನ ಪಾಲಾದೀತೆಂದು ಮನೋಹರ, ಪುನೀತ ಇಬ್ಬರೂ ಹಾಗೇ ನಿಂತಿದ್ದರು. ಚಟ್ಟದ ತಲೆ ಹೆಂಗಸರ ಸೊಂಟದವರೆಗೆ ಎದ್ದಿತು. ಕಾಲ ಕಡೆ ನೆಲದಲ್ಲೇ ಉಳಿಯಿತು. ಹಿಂದಿನ ಎರಡು ಬಿದಿರ ತುದಿಗಳು ಅಂಗಳದ ಮಣ್ಣನ್ನು ಗೀರುತ್ತ, ನಿಂತವರ ಕಾಲುಗಳ ನಡುವೆಯೇ ಹಾದು, ಹೊಲದ ದಾರಿಯುದ್ದಕ್ಕೂ ಎರಡು ಗೆರೆ ಎಳೆದುಕೊಂಡು ಹೋದವು.